ಗೋಧಿ ಬಂದಿದೆ, ಸಹಿ ಬಂದಿಲ್ಲ

2018ರ ಸೆಪ್ಟೆಂಬರ್‌ನಿಂದ 2019ರ ಫೆಬ್ರವರಿ ಕೊನೆಯವರೆಗೆ ಯೆಮನ್‌ನ ಹೊದೈದಾ ಊರಿನ ಅಂಚಿನಲ್ಲಿ 51 ಸಾವಿರ ಟನ್ ಗೋಧಿ ಸುಮ್ನೆ ಬಿದ್ದಿತ್ತು. 37 ಲಕ್ಷ ಜನರಿಗೆ ಒಂದು ತಿಂಗಳಿಗೆ ಸಾಕಾಗುವಷ್ಟು ಗೋಧಿ ಅದು. ರೆಡ್ ಸೀ ಮಿಲ್ಸ್ ಎಂಬ ಹಿಟ್ಟಿನ ಗಿರಣಿಯ ದೊಡ್ಡ ಕಣಜಗಳಲ್ಲಿ ವಿಶ್ವಸಂಸ್ಥೆಯ ಸಂಸ್ಥೆಯಾದ ವಿಶ್ವ ಆಹಾರ ಕಾರ್ಯಕ್ರಮ ಅದನ್ನು ತುಂಬಿಸಿಟ್ಟಿತ್ತು. ಹಣ ಕೊಟ್ಟಾಗಿತ್ತು, ಹಡಗು ಬಂದು ಹೋಗಿತ್ತು, ಕಾಳು ದೇಶದ ಒಳಗೇ ಇತ್ತು. ಆದರೆ ಗಿರಣಿ ಸೌದಿ ಬೆಂಬಲದ ಪಡೆಗಳ ಕೈಯಲ್ಲಿತ್ತು. ಊರಿನಿಂದ ಅಲ್ಲಿಗೆ ಹೋಗುವ ರಸ್ತೆ ಯೆಮನ್ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಹೂತಿ ಬಂಡುಕೋರರ ಕೈಯಲ್ಲಿತ್ತು. ನಡುವೆ ನೆಲಬಾಂಬ್‌ಗಳು. ಜನವರಿಯಲ್ಲಿ ಗುಂಡಿನ ದಾಳಿಗೆ ಬೆಂಕಿ ಬಿದ್ದು ಒಂದಿಷ್ಟು ಗೋಧಿ ಹಾಳಾಯಿತು. ಕೊನೆಗೆ ವಿಶ್ವಸಂಸ್ಥೆಯ ತಂಡ ಫೆಬ್ರವರಿ 26ರಂದು ಒಳಗೆ ಕಾಲಿಟ್ಟಾಗ ಕಾಳಿಗೆ ಹುಳು ಹಿಡಿದಿತ್ತು. ಅದಕ್ಕೆ ಹೊಗೆ ಹಾಕಿ, ಆಮೇಲೆ ಬೀಸಬೇಕಾಯಿತು.

ಗಮನಿಸಬೇಕಾದ ವಿಷಯ ಅಂದರೆ, ಇದೆಲ್ಲ ನಡೆಯುವಾಗ ಒಪ್ಪಂದ ಆಗಿಹೋಗಿತ್ತು. 2018ರ ಡಿಸೆಂಬರ್ 13ರಂದು ಸ್ವೀಡನ್‌ನಲ್ಲಿ ಎರಡೂ ಕಡೆಯವರು ಕೈಕುಲುಕಿದ್ದರು. ಹೊದೈದಾದಲ್ಲಿ ಕದನವಿರಾಮ ಅಂತ ಘೋಷಣೆಯಾಗಿತ್ತು. ಅದಾಗಿ ಎರಡು ತಿಂಗಳ ಮೇಲೂ ಗೋಧಿ ಅಲ್ಲೇ ಇತ್ತು.

ಯುದ್ಧ ನಿಂತ ಕೂಡಲೇ ನಮಗೆ ಬರುವ ಸುದ್ದಿ ಲೆಕ್ಕದ ಸುದ್ದಿ. ಯಾವ ದೇಶ ಎಷ್ಟು ಟನ್ ಕೊಟ್ಟಿತು, ಎಷ್ಟು ಲಾರಿ ಹೊರಟವು, ಎಷ್ಟು ಕೋಟಿ ಡಾಲರ್ ಘೋಷಣೆಯಾಯಿತು. ಫೋಟೊ ಚೆನ್ನಾಗಿ ಬರುತ್ತದೆ, ಮೂಟೆಯ ಮೇಲೆ ಕೊಟ್ಟವರ ಬಾವುಟವೂ ಇರುತ್ತದೆ. ನನ್ನ ಮಟ್ಟಿಗೆ ಈ ಲೆಕ್ಕ ಬಹಳ ಸಲ ದಾರಿ ತಪ್ಪಿಸುತ್ತದೆ. ಹಸಿದವರ ಮನೆಗೆ ಊಟ ತಲುಪುತ್ತದೋ ಇಲ್ಲವೋ ಅನ್ನುವುದನ್ನು ನಿರ್ಧರಿಸುವುದು ಬೇರೆ ಮೂರು ಸಂಗತಿ: ಬಂದರು ಮತ್ತು ಗಡಿ ಯಾರ ಕೈಯಲ್ಲಿದೆ, ತಪಾಸಣೆ ಯಾರು ಮಾಡುತ್ತಾರೆ, ವ್ಯಾಪಾರಿಯ ಹಣ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುತ್ತದೋ ಇಲ್ಲವೋ. ರಾಜತಾಂತ್ರಿಕರ ನಿಜವಾದ ಕೆಲಸ ಇರುವುದು ಅಲ್ಲಿ. ಕ್ಯಾಮೆರಾ ಅಲ್ಲಿಗೆ ಹೋಗುವುದು ಅಪರೂಪ.

ಯೆಮನ್ ಉದಾಹರಣೆಯನ್ನೇ ಸ್ವಲ್ಪ ಬಿಡಿಸಿ ನೋಡೋಣ. ಆ ದೇಶ ತಿನ್ನುವ ಗೋಧಿಯಲ್ಲಿ ಶೇ 90ಕ್ಕೂ ಜಾಸ್ತಿ ಹೊರಗಿನದು. ಆಮದಿನ ದೊಡ್ಡ ಪಾಲು ಇಳಿಯುತ್ತಿದ್ದದ್ದು ಹೊದೈದಾ ಮತ್ತು ಅದರ ಪಕ್ಕದ ಸಲೀಫ್ ಬಂದರುಗಳಲ್ಲಿ. 2015ರ ಮಾರ್ಚ್‌ನಲ್ಲಿ ಸೌದಿ ನೇತೃತ್ವದ ಒಕ್ಕೂಟ ಯುದ್ಧಕ್ಕೆ ಇಳಿಯಿತು. ಅದೇ ಆಗಸ್ಟ್‌ನಲ್ಲಿ ಬಾಂಬ್ ಬಿದ್ದು ಹೊದೈದಾ ಬಂದರಿನ ಕ್ರೇನ್‌ಗಳು ಕೆಟ್ಟವು. ಅಮೆರಿಕದ ಹಣದಲ್ಲಿ ನಾಲ್ಕು ಹೊಸ ಕ್ರೇನ್ ಕೊಂಡು ವಿಶ್ವ ಆಹಾರ ಕಾರ್ಯಕ್ರಮ ಕಳಿಸಿತು. 2017ರ ಜನವರಿಯಲ್ಲಿ ಅವು ಬಂದರಿನ ಹತ್ತಿರ ಬಂದು ವಾಪಸ್ ಹೋದವು, ಒಕ್ಕೂಟ ಬಿಡಲಿಲ್ಲ. ಕೊನೆಗೂ ಅವು ಬಂದರು ತಲುಪಿದ್ದು 2018ರ ಜನವರಿಯಲ್ಲಿ. ನಾಲ್ಕು ಕ್ರೇನ್ ಒಳಗೆ ಹೋಗಲು ಒಂದು ವರ್ಷದ ಮಾತುಕತೆ. ಕ್ರೇನ್ ಇಲ್ಲದಿದ್ದರೆ ಹಡಗು ಖಾಲಿಯಾಗಲು ಹೆಚ್ಚು ದಿನ ಬೇಕು, ಕಾಯುವ ಪ್ರತಿ ದಿನಕ್ಕೂ ಹಡಗಿನ ಬಾಡಿಗೆ ಕಟ್ಟಬೇಕು, ಆ ಬಾಡಿಗೆ ಹಿಟ್ಟಿನ ಬೆಲೆಗೆ ಸೇರುತ್ತದೆ.

ಹಡಗುಗಳಲ್ಲಿ ಆಯುಧ ಬರಬಹುದು ಅನ್ನುವ ಆತಂಕ ಸುಳ್ಳೇನಲ್ಲ. ಅದಕ್ಕೆಂದೇ 2016ರ ಮೇನಲ್ಲಿ ವಿಶ್ವಸಂಸ್ಥೆ ಜಿಬೂಟಿಯಲ್ಲಿ ಒಂದು ತಪಾಸಣಾ ವ್ಯವಸ್ಥೆ ಶುರು ಮಾಡಿತು. ಹೂತಿಗಳ ಕೈಯಲ್ಲಿರುವ ಬಂದರುಗಳಿಗೆ ಹೋಗುವ ವಾಣಿಜ್ಯ ಹಡಗುಗಳು ಮೊದಲು ಅಲ್ಲಿಂದ ಅನುಮತಿ ಪಡೆಯಬೇಕು. ಯೋಚನೆ ಒಳ್ಳೆಯದೇ. ಆದರೆ ವಿಶ್ವಸಂಸ್ಥೆ ‘ಸರಿ, ಹೋಗಿ’ ಅಂದ ಮೇಲೂ ಒಕ್ಕೂಟದ ನೌಕಾಪಡೆ ಹಡಗುಗಳನ್ನು ಸಮುದ್ರದಲ್ಲೇ ನಿಲ್ಲಿಸಿಕೊಳ್ಳುತ್ತಿತ್ತು. ಇಂಧನದ ಹಡಗುಗಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾದವು. ಡೀಸೆಲ್ ಇಲ್ಲದೆ ಗಿರಣಿ ಓಡುವುದಿಲ್ಲ, ನೀರಿನ ಪಂಪ್ ಓಡುವುದಿಲ್ಲ, ಹಿಟ್ಟು ಹೊರುವ ಲಾರಿಯೂ ಓಡುವುದಿಲ್ಲ. ಆಹಾರಕ್ಕೆ ತಡೆ ಇಲ್ಲ ಅಂತ ಹೇಳುತ್ತಲೇ ಆಹಾರವನ್ನು ದುಬಾರಿ ಮಾಡಬಹುದು. 2017ರ ನವೆಂಬರ್‌ನಲ್ಲಿ ರಿಯಾದ್ ಕಡೆ ಹೂತಿಗಳ ಕ್ಷಿಪಣಿ ಹಾರಿದ ಮೇಲಂತೂ ಒಕ್ಕೂಟ ಎಲ್ಲ ಬಂದರುಗಳನ್ನೂ ಮುಚ್ಚಿತು, ಆಮೇಲೆ ಒಂದೊಂದಾಗಿ ತೆರೆಯಿತು.

ಹಣದ ಕಥೆ ಇನ್ನೂ ಕೆಟ್ಟದ್ದು. 2016ರ ಸೆಪ್ಟೆಂಬರ್‌ನಲ್ಲಿ ಯೆಮನ್ ಸರ್ಕಾರ ತನ್ನ ಕೇಂದ್ರ ಬ್ಯಾಂಕನ್ನು ಹೂತಿಗಳ ಕೈಯಲ್ಲಿದ್ದ ರಾಜಧಾನಿ ಸನಾದಿಂದ ತನ್ನ ಕೈಯಲ್ಲಿದ್ದ ಏಡನ್‌ಗೆ ಸ್ಥಳಾಂತರಿಸಿತು. ಶತ್ರುವಿನ ಕೈಗೆ ಖಜಾನೆ ಸಿಗಬಾರದು ಅನ್ನುವುದು ಲೆಕ್ಕ. ಪರಿಣಾಮ ಏನಾಯಿತು? ಸುಮಾರು 12 ಲಕ್ಷ ಸರ್ಕಾರಿ ನೌಕರರ ಸಂಬಳ ನಿಂತಿತು ಅಥವಾ ಎಂದೋ ಒಮ್ಮೆ ಬರುವಂತಾಯಿತು. ಮೇಷ್ಟ್ರು, ನರ್ಸ್, ಗುಮಾಸ್ತ, ಎಲ್ಲರೂ ಇದರಲ್ಲಿ ಸೇರಿದ್ದರು. ಇತ್ತ ಆಮದು ಮಾಡುವ ವ್ಯಾಪಾರಿಗೆ ಲೆಟರ್ ಆಫ್ ಕ್ರೆಡಿಟ್ ಸಿಗುವುದು ಕಷ್ಟವಾಯಿತು. ಮಾಲು ಹಡಗು ಹತ್ತಿದ ದಾಖಲೆ ತೋರಿಸಿದರೆ ಹಣ ಗ್ಯಾರಂಟಿ ಅಂತ ಬ್ಯಾಂಕ್ ಬರೆದುಕೊಡುವ ಪತ್ರ ಅದು. ಅದಿಲ್ಲದೆ ಬೇರೆ ದೇಶದ ಗೋಧಿ ಮಾರಾಟಗಾರ ಹಡಗು ತುಂಬಿಸುವುದಿಲ್ಲ. ಯುದ್ಧಕ್ಕೆ ಮೊದಲು ಡಾಲರಿಗೆ 215 ರಿಯಾಲ್ ಇದ್ದದ್ದು 2018ರ ಅಕ್ಟೋಬರ್ ಹೊತ್ತಿಗೆ 700 ದಾಟಿತು. ಅಂಗಡಿಯಲ್ಲಿ ಹಿಟ್ಟು ಇತ್ತು. ಕೊಳ್ಳುವವರ ಕೈಯಲ್ಲಿ ಹಣ ಇರಲಿಲ್ಲ.

ವಿಶ್ವ ಆಹಾರ ಕಾರ್ಯಕ್ರಮ ಅತಿ ಜಾಸ್ತಿ ಹಂಚುತ್ತಿದ್ದ ದಿನಗಳಲ್ಲಿ ತಿಂಗಳಿಗೆ 1.2 ಕೋಟಿಗೂ ಹೆಚ್ಚು ಯೆಮನಿಗರನ್ನು ತಲುಪುತ್ತಿತ್ತು. ದೊಡ್ಡ ಸಾಧನೆಯೇ. ಆಗಲೂ ದೇಶಕ್ಕೆ ಬರುತ್ತಿದ್ದ ಆಹಾರದಲ್ಲಿ ದೊಡ್ಡ ಪಾಲು ಖಾಸಗಿ ವ್ಯಾಪಾರಿಗಳದ್ದು. ಹಾಗಾಗಿ 2018ರಲ್ಲಿ ಸೌದಿ ಅರೇಬಿಯಾ ಯೆಮನ್ ಕೇಂದ್ರ ಬ್ಯಾಂಕಿನಲ್ಲಿ ಇಟ್ಟ 200 ಕೋಟಿ ಡಾಲರ್ ಠೇವಣಿ, ಅದರಿಂದ ವ್ಯಾಪಾರಿಗಳಿಗೆ ಸಿಕ್ಕ ಗ್ಯಾರಂಟಿ ಪತ್ರ, ಇವು ಎಷ್ಟೋ ಲಾರಿಗಳ ಸಾಲಿಗಿಂತ ಹೆಚ್ಚು ಜನರ ಊಟಕ್ಕೆ ಸಂಬಂಧಪಟ್ಟ ವಿಷಯ. ಬಂದರು ಕಟ್ಟಿ ಹಾಕಿದವರೇ ಠೇವಣಿಯನ್ನೂ ಇಟ್ಟರು ಅನ್ನುವ ವ್ಯಂಗ್ಯ ಬೇರೆ. 2022ರ ಏಪ್ರಿಲ್ 2ರ ಕದನವಿರಾಮದಲ್ಲಿ ನನಗೆ ಮುಖ್ಯ ಅನ್ನಿಸಿದ ಸಾಲು ಕೂಡ ಇಂಥದ್ದೇ: ಎರಡು ತಿಂಗಳಲ್ಲಿ 18 ಇಂಧನ ಹಡಗುಗಳನ್ನು ಹೊದೈದಾಗೆ ಬಿಡಬೇಕು. ‘ನೆರವು’ ಅನ್ನುವ ಪಟ್ಟಿಯಲ್ಲಿ ಆ ಡೀಸೆಲ್ ಎಲ್ಲೂ ಬರುವುದಿಲ್ಲ.

ಇದು ಯೆಮನ್‌ಗೆ ಮಾತ್ರ ಸೇರಿದ ಪಾಠ ಅಲ್ಲ. ನಮ್ಮ ಉಪಖಂಡದಲ್ಲೇ 50 ವರ್ಷ ಹಿಂದೆ ಇದು ನಡೆದಿದೆ. 1971ರ ಯುದ್ಧದಲ್ಲಿ ಬಾಂಗ್ಲಾದೇಶ ಹುಟ್ಟಿತು. ಸೇತುವೆ, ರೈಲು, ಬಂದರು ಎಲ್ಲ ಹಾಳಾಗಿದ್ದವು. ಮೊದಲ ಎರಡು ವರ್ಷ ವಿಶ್ವಸಂಸ್ಥೆಯ ದೊಡ್ಡ ಪರಿಹಾರ ಕಾರ್ಯಾಚರಣೆ ನಡೆಯಿತು. ಆಮೇಲೆ 1974 ಬಂತು. ಆ ವರ್ಷ ಬಾಂಗ್ಲಾದೇಶ ಕ್ಯೂಬಾಕ್ಕೆ ಸೆಣಬಿನ ಚೀಲ ಮಾರಿತ್ತು. ಅಮೆರಿಕದ ಆಹಾರ ನೆರವಿನ ಕಾನೂನಿನಲ್ಲಿ, ಕ್ಯೂಬಾ ಜತೆ ವ್ಯಾಪಾರ ಮಾಡುವ ದೇಶಕ್ಕೆ ಧಾನ್ಯ ಕೊಡಬಾರದು ಅನ್ನುವ ಷರತ್ತಿತ್ತು. ಚೀಲದ ವ್ಯಾಪಾರ ನಿಲ್ಲಿಸುವವರೆಗೆ ಧಾನ್ಯ ತಡೆಯಲಾಯಿತು. ಅದೇ ಹೊತ್ತಿಗೆ ಬ್ರಹ್ಮಪುತ್ರಾ ಪ್ರವಾಹ. ಢಾಕಾ ಮಾತು ಕೇಳಿ ವ್ಯಾಪಾರ ನಿಲ್ಲಿಸಿದ ಮೇಲೆ ಹಡಗು ಹೊರಟಿತಾದರೂ, ಬರಗಾಲದ ಕೆಟ್ಟ ತಿಂಗಳುಗಳು ಆಗಲೇ ಕಳೆದಿದ್ದವು. ಸತ್ತವರು ಸುಮಾರು 26 ಸಾವಿರ ಅಂತ ಸರ್ಕಾರ ಹೇಳಿತು. ಬೇರೆ ಅಂದಾಜುಗಳು ಹತ್ತು ಲಕ್ಷದ ಆಚೆಗೂ ಹೋಗುತ್ತವೆ.

ಆದರೆ ಅಲ್ಲೂ ಎಲ್ಲ ತಪ್ಪನ್ನು ತಡೆದ ಹಡಗಿನ ಮೇಲೆ ಹಾಕಿದರೆ ಅರ್ಧ ಕಥೆ ಮಾತ್ರ. ಅಮರ್ತ್ಯ ಸೇನ್ ಆಮೇಲೆ ಲೆಕ್ಕ ಹಾಕಿ ತೋರಿಸಿದಂತೆ, 1974ರಲ್ಲಿ ಬಾಂಗ್ಲಾದೇಶದಲ್ಲಿ ತಲೆಗೆ ಸಿಗುವ ಧಾನ್ಯ ಹಿಂದಿನ ಮುಂದಿನ ವರ್ಷಗಳಿಗಿಂತ ಕಡಿಮೆ ಇರಲಿಲ್ಲ, ಜಾಸ್ತಿಯೇ ಇತ್ತು. ಪ್ರವಾಹಕ್ಕೆ ಹೊಲದ ಕೂಲಿ ನಿಂತಿತು. ಮುಂದೆ ಕೊರತೆಯಾಗುತ್ತದೆ ಅನ್ನುವ ಭಯಕ್ಕೆ ಅಕ್ಕಿಯ ಬೆಲೆ ಏರಿತು. ಕೂಲಿಯವರ ಕೊಳ್ಳುವ ಶಕ್ತಿ ಕುಸಿಯಿತು. ಹೊರಗಿನ ಧಾನ್ಯದ ಹಡಗು ಆಗ ಬಂದಿದ್ದರೆ ಅದರ ದೊಡ್ಡ ಉಪಯೋಗ ಹೊಟ್ಟೆ ತುಂಬಿಸುವುದಕ್ಕಿಂತ ಈ ಭಯವನ್ನು ಇಳಿಸುವುದರಲ್ಲಿ ಇರುತ್ತಿತ್ತು. ಮಾಲು ಬರುತ್ತಿದೆ ಅಂತ ಖಾತ್ರಿಯಾದರೆ ಅಡಗಿಸಿಟ್ಟವನೂ ಹೊರಗೆ ತೆಗೆಯುತ್ತಾನೆ. ಅನುಮತಿ ಅನುಮಾನದಲ್ಲಿದ್ದರೆ ಎಲ್ಲರೂ ಬಚ್ಚಿಡುತ್ತಾರೆ. ರಾಜತಾಂತ್ರಿಕ ಮಾತುಕತೆಯ ಒಂದೊಂದು ವಾರ ಎಳೆತವೂ ಮಾರುಕಟ್ಟೆಯಲ್ಲಿ ಬೆಲೆಯಾಗಿ ಕಾಣುವುದು ಹೀಗೆ.

ಭಾರತ ಕೊಡುವ ಕಡೆ ನಿಂತ ಉದಾಹರಣೆ ಅಫ್ಗಾನಿಸ್ತಾನದ್ದು. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಕಾಬೂಲ್ ಹಿಡಿದ ಮೇಲೆ ಭಾರತ 50 ಸಾವಿರ ಟನ್ ಗೋಧಿ ಕೊಡುತ್ತೇನೆ ಅಂದಿತು. ಹತ್ತಿರದ ದಾರಿ ಅಟಾರಿ-ವಾಘಾ. ಪಾಕಿಸ್ತಾನ ನವೆಂಬರ್‌ನಲ್ಲಿ ತಾತ್ವಿಕವಾಗಿ ಒಪ್ಪಿತು. ಆಮೇಲೆ ಶುರುವಾಯಿತು ನೋಡಿ, ಲಾರಿ ಯಾರದು ಅನ್ನುವ ಚರ್ಚೆ. ಪಾಕಿಸ್ತಾನಕ್ಕೆ ತನ್ನ ಲಾರಿಗಳಲ್ಲಿ, ವಿಶ್ವಸಂಸ್ಥೆಯ ಬಾವುಟದಡಿ ಹೋಗಬೇಕಿತ್ತು. ಭಾರತಕ್ಕೆ ಅದು ಬೇಡ, ಭಾರತದ ಅಥವಾ ಅಫ್ಗಾನಿಸ್ತಾನದ ಲಾರಿ ಆಗಬೇಕಿತ್ತು. ಕೊನೆಗೆ ಅಫ್ಗಾನ್ ಲಾರಿಗಳು ಅಟಾರಿಗೆ ಬಂದು ತುಂಬಿಸಿಕೊಂಡು ಹೋಗಲಿ ಅಂತ ತೀರ್ಮಾನವಾಯಿತು. 2022ರ ಫೆಬ್ರವರಿ 22ರಂದು 50 ಲಾರಿಗಳಲ್ಲಿ 2,500 ಟನ್‌ನ ಮೊದಲ ಕಂತು ಜಲಾಲಾಬಾದ್ ಕಡೆ ಹೊರಟಿತು. ಅಷ್ಟರಲ್ಲಿ ಅಫ್ಗಾನಿಸ್ತಾನದ ಚಳಿಗಾಲ ಬಹುಪಾಲು ಮುಗಿದಿತ್ತು. ಕೊಟ್ಟ ಗಡುವಿನಲ್ಲಿ ಸಾಗಣೆ ಮುಗಿಯದೆ ಪಾಕಿಸ್ತಾನದಿಂದ ಇನ್ನಷ್ಟು ಸಮಯ ಕೇಳಬೇಕಾಯಿತು. 2023ರಲ್ಲಿ ಇನ್ನೂ 20 ಸಾವಿರ ಟನ್ ಘೋಷಿಸಿದಾಗ ಭಾರತ ಇರಾನಿನ ಚಾಬಹಾರ್ ಬಂದರಿನ ದಾರಿ ಹಿಡಿಯಿತು. ಸುತ್ತಿನ ದಾರಿ, ಆದರೆ ಲಾರಿ ಯಾರದು ಅಂತ ಇಸ್ಲಾಮಾಬಾದ್ ಜತೆ ಮತ್ತೆ ಕೂರಬೇಕಾಗಿಲ್ಲ.

ಅದೇ ಚಳಿಗಾಲದಲ್ಲಿ ಅಫ್ಗಾನರನ್ನು ಹೆಚ್ಚು ಹಿಂಡಿದ್ದು ಗಡಿಯಲ್ಲ, ಬ್ಯಾಂಕು. ಅಮೆರಿಕದಲ್ಲಿದ್ದ ಅಫ್ಗಾನ್ ಕೇಂದ್ರ ಬ್ಯಾಂಕಿನ ಸುಮಾರು 700 ಕೋಟಿ ಡಾಲರ್ ತಡೆಹಿಡಿಯಲ್ಪಟ್ಟಿತು. ನಿರ್ಬಂಧದ ಭಯಕ್ಕೆ ವಿದೇಶಿ ಬ್ಯಾಂಕುಗಳು ಕಾಬೂಲ್ ಜತೆ ವ್ಯವಹಾರವನ್ನೇ ಬಿಟ್ಟವು. ನೆರವು ಸಂಸ್ಥೆಗಳಿಗೇ ತಮ್ಮ ನೌಕರರ ಸಂಬಳ ಕಳಿಸಲು ಆಗುತ್ತಿರಲಿಲ್ಲ. 2021ರ ಡಿಸೆಂಬರ್ 22ರಂದು ಭದ್ರತಾ ಮಂಡಳಿ 2615ನೇ ನಿರ್ಣಯ ಮಾಡಿ, ಮಾನವೀಯ ಕೆಲಸಕ್ಕೆ ಹಣ ಕಳಿಸುವುದು ನಿರ್ಬಂಧದ ಉಲ್ಲಂಘನೆ ಅಲ್ಲ ಅಂತ ಸ್ಪಷ್ಟ ಮಾಡಿತು. ಒಂದು ವರ್ಷದ ಮೇಲೆ 2664ನೇ ನಿರ್ಣಯ ಈ ವಿನಾಯಿತಿಯನ್ನು ವಿಶ್ವಸಂಸ್ಥೆಯ ಇತರ ಆಸ್ತಿ ತಡೆಗಳಿಗೂ ವಿಸ್ತರಿಸಿತು. ಓದಲು ಒಣ ಕಾಗದ. ಈ ದಶಕದಲ್ಲಿ ಆಹಾರ ನೆರವಿಗೆ ಆದ ದೊಡ್ಡ ಉಪಕಾರಗಳಲ್ಲಿ ಇದನ್ನೂ ಸೇರಿಸಬೇಕು.

ಇನ್ನು ಗಾಜಾ. ಲೆಕ್ಕದ ಜಗಳ ಅಲ್ಲಿ ಕಂಡಷ್ಟು ಬೇರೆಲ್ಲೂ ಕಂಡಿಲ್ಲ. ಯುದ್ಧಕ್ಕೆ ಮೊದಲು ದಿನಕ್ಕೆ ಸುಮಾರು 500 ಲಾರಿ ಒಳಗೆ ಹೋಗುತ್ತಿದ್ದವು. ಅವುಗಳಲ್ಲಿ ವ್ಯಾಪಾರದ ಸರಕೂ ಇರುತ್ತಿತ್ತು. 2025ರ ಮಾರ್ಚ್ 2ರಿಂದ ಸುಮಾರು ಎರಡೂವರೆ ತಿಂಗಳು ಇಸ್ರೇಲ್ ಎಲ್ಲವನ್ನೂ ನಿಲ್ಲಿಸಿತು. ನಂತರ ವಿಶ್ವಸಂಸ್ಥೆಯ ಸುಮಾರು 400 ಹಂಚಿಕೆ ಜಾಗಗಳನ್ನು ಬದಿಗಿಟ್ಟು, ಅಮೆರಿಕ ಮತ್ತು ಇಸ್ರೇಲ್ ಬೆಂಬಲದ ಹೊಸ ಸಂಸ್ಥೆ ನಾಲ್ಕು ಕೇಂದ್ರಗಳಲ್ಲಿ ಹಂಚಲು ಹೊರಟಿತು. ಹತ್ತಾರು ಲಕ್ಷ ಜನ ನಾಲ್ಕು ಬಾಗಿಲಿಗೆ ನುಗ್ಗಿದರೆ ಏನಾಗುತ್ತದೆ ಅಂತ ಊಹಿಸಲು ತಜ್ಞರೇ ಬೇಕಿಲ್ಲ, ಅಲ್ವಾ? ಅನ್ನಕ್ಕೆ ಹೋದವರು ಗುಂಡಿಗೆ ಬಲಿಯಾದ ಸುದ್ದಿ ದಿನದಿನ ಬಂತು. ಆಗಸ್ಟ್ 22ರಂದು ಗಾಜಾ ನಗರ ಪ್ರದೇಶದಲ್ಲಿ ಕ್ಷಾಮ ಇದೆ ಅಂತ ಅಂತರರಾಷ್ಟ್ರೀಯ ಆಹಾರ ಭದ್ರತಾ ಅಳತೆಗಾರರ ಕೂಟ, ಅಂದರೆ ಐಪಿಸಿ, ಖಚಿತಪಡಿಸಿತು. ಇಸ್ರೇಲ್ ಒಪ್ಪಲಿಲ್ಲ.

ಅಕ್ಟೋಬರ್ 10ರಂದು ಕದನವಿರಾಮ ಜಾರಿಗೆ ಬಂತು. ಲಾರಿಗಳ ಸಂಖ್ಯೆ ಏರಿತು. ಡಿಸೆಂಬರ್ ಹೊತ್ತಿಗೆ ಗಾಜಾದ ಯಾವ ಭಾಗವೂ ಕ್ಷಾಮದ ವರ್ಗದಲ್ಲಿಲ್ಲ, ಆದರೆ ಪರಿಸ್ಥಿತಿ ಇನ್ನೂ ನಾಜೂಕು ಅಂತ ಐಪಿಸಿ ಹೇಳಿತು. ದಿನಕ್ಕೆ 600 ಲಾರಿ ಅನ್ನುವ ಗುರಿ ತಲುಪಿತೇ ಇಲ್ಲವೇ ಅಂತ ಇಸ್ರೇಲ್ ಒಂದು ಲೆಕ್ಕ ಕೊಟ್ಟರೆ ವಿಶ್ವಸಂಸ್ಥೆ ಇನ್ನೊಂದು ಲೆಕ್ಕ ಕೊಟ್ಟಿತು. ಇಬ್ಬರೂ ಎಣಿಸುವ ರೀತಿಯೇ ಬೇರೆ: ಗಡಿ ದಾಟಿದ್ದನ್ನು ಒಬ್ಬರು ಎಣಿಸುತ್ತಾರೆ, ಒಳಗೆ ಎತ್ತಿಕೊಂಡದ್ದನ್ನು ಇನ್ನೊಬ್ಬರು. ಲಾರಿಯಲ್ಲಿ ಏನಿದೆ ಅನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ. ಬಿಸ್ಕತ್ತು ತುಂಬಿದ ಲಾರಿಯೂ ಒಂದೇ, ಹಿಟ್ಟು ತುಂಬಿದ್ದೂ ಒಂದೇ. ಅಡುಗೆ ಅನಿಲ ಇಲ್ಲದ ಮನೆಗೆ ಅಕ್ಕಿ ಕೊಟ್ಟರೆ ಬೇಯಿಸುವುದು ಹೇಗೆ? ಹಣದ ಪ್ರಶ್ನೆ ಅಲ್ಲೂ ಇದೆ. ಬ್ಯಾಂಕುಗಳು ನೆಲಸಮವಾಗಿ, ಹೊಸ ನೋಟು ಒಳಗೆ ಬರದೆ, 2025ರ ಬೇಸಿಗೆಯಲ್ಲಿ ತನ್ನದೇ ಖಾತೆಯ ಹಣ ನಗದಾಗಿಸಲು ದಲ್ಲಾಳಿಗೆ ಶೇ 40ರಷ್ಟು ಕಮಿಷನ್ ಕೊಟ್ಟವರಿದ್ದಾರೆ. ಹೊರಗಿನವರು ಆ ಖಾತೆಗೆ ಹಣ ಹಾಕಿದರೆ ಅದರಲ್ಲಿ ಹತ್ತಕ್ಕೆ ನಾಲ್ಕು ಪಾಲು ದಲ್ಲಾಳಿಯ ಜೇಬಿಗೆ.

ಇಷ್ಟು ಹೇಳಿದ ಮೇಲೆ ಕಾನೂನು ಏನು ಹೇಳುತ್ತದೆ ಅಂತ ಕೇಳುವವರು ಇದ್ದೇ ಇರುತ್ತಾರೆ. ನಾಗರಿಕರನ್ನು ಹಸಿವಿನಿಂದ ಸಾಯಿಸುವುದನ್ನು ಯುದ್ಧತಂತ್ರವಾಗಿ ಬಳಸಬಾರದು ಅಂತ 1977ರ ಜಿನೀವಾ ಪ್ರೋಟೊಕಾಲ್ ಹೇಳುತ್ತದೆ. 2018ರ ಮೇನಲ್ಲಿ ಭದ್ರತಾ ಮಂಡಳಿ 2417ನೇ ನಿರ್ಣಯದಲ್ಲಿ ಅದನ್ನೇ ಒತ್ತಿ ಹೇಳಿತು, ಅದೂ ಒಮ್ಮತದಿಂದ. ಗಾಜಾ ವಿಷಯದಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2024ರ ನವೆಂಬರ್‌ನಲ್ಲಿ ಹೊರಡಿಸಿದ ವಾರಂಟ್‌ಗಳಲ್ಲಿ ಹಸಿವನ್ನು ಆಯುಧ ಮಾಡಿದ ಆರೋಪವೂ ಸೇರಿದೆ. ಕಾನೂನು ಗಟ್ಟಿಯಾಗಿಯೇ ಇದೆ. ಗಡಿಯ ಗೇಟಿನಲ್ಲಿ ನಿಂತ ಸೈನಿಕನಿಗೆ ಮಾತ್ರ ಆ ಕ್ಷಣಕ್ಕೆ ಬೇಕಾದದ್ದು ಮೇಲಿನವರ ಫೋನ್ ಕರೆ.

ನನ್ನ ವಾದಕ್ಕೆ ಎದುರು ಮಾತು ಇದೆ, ಅದು ಗಟ್ಟಿ ಮಾತೂ ಹೌದು. ವ್ಯಾಪಾರ ತೆರೆಯಿರಿ, ಬ್ಯಾಂಕ್ ಬಿಡಿ ಅಂದರೆ ಬಂದರು ಹಿಡಿದ ಬಂದೂಕುಧಾರಿಗೆ ಸುಂಕದ ಹಣ ಹೋಗುತ್ತದೆ. ಹೊದೈದಾದಲ್ಲಿ ಹೂತಿಗಳು ಸುಂಕ ವಸೂಲಿ ಮಾಡಿದ್ದು ನಿಜ. ಆದರೆ ನೆರವಿನ ಮೂಟೆಗೂ ಈ ರೋಗ ತಪ್ಪಿಲ್ಲ. ಸನಾದಲ್ಲಿ ಪಡಿತರ ಕಳವಾಗುತ್ತಿದೆ ಅಂತ 2018ರ ಕೊನೆಯಲ್ಲಿ ವಿಶ್ವ ಆಹಾರ ಕಾರ್ಯಕ್ರಮವೇ ಬಹಿರಂಗವಾಗಿ ಹೇಳಿತು. ಬೆರಳಚ್ಚು ತೆಗೆದು ಪಟ್ಟಿ ಮಾಡಲು ಹೂತಿಗಳು ಬಿಡದಿದ್ದಾಗ 2019ರ ಜೂನ್‌ನಲ್ಲಿ ಆ ಊರಿನ 8.5 ಲಕ್ಷ ಜನರ ಪಡಿತರ ನಿಲ್ಲಿಸಿತು. ಆಗಸ್ಟ್‌ನಲ್ಲಿ ರಾಜಿಯಾಗಿ ಹಂಚಿಕೆ ಮತ್ತೆ ಶುರುವಾಯಿತು. ಫಲಾನುಭವಿಗಳ ಪಟ್ಟಿ ಯಾರ ಹತ್ತಿರ ಇದೆಯೋ ಅವರೇ ಆ ಊರಿನ ಯಜಮಾನ. ಎರಡರಲ್ಲಿ ವ್ಯಾಪಾರವೇ ವಾಸಿ ಅಂತ ನನಗೆ ಅನ್ನಿಸುವುದಕ್ಕೆ ಕಾರಣ ಇಷ್ಟೇ: ಹತ್ತು ವ್ಯಾಪಾರಿಗಳ ಹತ್ತು ಲಾರಿಯನ್ನು ಹಿಡಿತದಲ್ಲಿಡುವುದಕ್ಕಿಂತ ಒಂದು ಗೋದಾಮು, ಒಂದು ಪಟ್ಟಿಯನ್ನು ಹಿಡಿತದಲ್ಲಿಡುವುದು ಸುಲಭ. ಹಾಗಂತ ಕಿಸೆ ಖಾಲಿ ಇರುವವರಿಗೆ ಮೂಟೆ ಬೇಡ ಅಂತಲ್ಲ. ಅವರಿಗೆ ಬೇರೆ ದಾರಿಯೇ ಇಲ್ಲ.

ಮೂಟೆಯೂ ಈಗ ಕಡಿಮೆಯಾಗುತ್ತಿದೆ. 2024ರಲ್ಲಿ ವಿಶ್ವ ಆಹಾರ ಕಾರ್ಯಕ್ರಮಕ್ಕೆ ಬಂದ ಸುಮಾರು 980 ಕೋಟಿ ಡಾಲರ್‌ನಲ್ಲಿ ಸುಮಾರು 450 ಕೋಟಿ ಅಮೆರಿಕ ಒಂದರದ್ದೇ. ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ 2025ರ ಜುಲೈ 1ಕ್ಕೆ ಬಾಗಿಲು ಹಾಕಿತು. ಆ ವರ್ಷ ಒಟ್ಟು ಹಣ ಶೇ 40ರಷ್ಟು ಇಳಿಯುತ್ತದೆ ಅಂತ ವಿಶ್ವ ಆಹಾರ ಕಾರ್ಯಕ್ರಮ ಲೆಕ್ಕ ಹಾಕಿತ್ತು. ದಾನ ಇಷ್ಟು ಕುಗ್ಗಿದಾಗ ವ್ಯಾಪಾರದ ದಾರಿ ತೆರೆದಿಡುವ ಮಾತುಕತೆಗೆ ಬೆಲೆ ಹೆಚ್ಚುತ್ತದೆ. 2022ರ ಜುಲೈ 22ರ ಕಪ್ಪು ಸಮುದ್ರ ಒಪ್ಪಂದವನ್ನೇ ನೋಡಿ. ಟರ್ಕಿ ಮತ್ತು ವಿಶ್ವಸಂಸ್ಥೆ ಮಧ್ಯೆ ನಿಂತು, ಉಕ್ರೇನ್‌ನ ಮೂರು ಬಂದರುಗಳಿಂದ ಒಂದು ವರ್ಷದಲ್ಲಿ ಸುಮಾರು 3.3 ಕೋಟಿ ಟನ್ ಧಾನ್ಯ ಹೊರಬರುವಂತೆ ಮಾಡಿದವು. ಅದರಲ್ಲಿ ವಿಶ್ವ ಆಹಾರ ಕಾರ್ಯಕ್ರಮದ ನೆರವಿನ ಗೋಧಿ ಸುಮಾರು 7.25 ಲಕ್ಷ ಟನ್ ಮಾತ್ರ. ಬಡ ದೇಶಗಳಿಗೆ ಹೋಗಿದ್ದು ಕಡಿಮೆ ಅಂತ ರಷ್ಯಾ ದೂರಿತು. ಆದರೆ ಧಾನ್ಯ ಯಾವ ಬಂದರಿನಲ್ಲಿ ಇಳಿದರೂ ಜಗತ್ತಿನ ಬೆಲೆ ಇಳಿಸಲು ಅದು ನೆರವಾಗುತ್ತದೆ. 2023ರ ಜುಲೈ 17ರಂದು ರಷ್ಯಾ ಹಿಂದೆ ಸರಿಯಿತು, ಒಪ್ಪಂದ ಮುಗಿಯಿತು. ಆ ಒಪ್ಪಂದವೂ ಬದುಕಿದ್ದು ಕಂತುಕಂತಾಗಿ: 120 ದಿನ, ಮತ್ತೆ 120 ದಿನ, ಕೊನೆಕೊನೆಗೆ 60 ದಿನ.

ಈ ಕಂತಿನ ಅನುಮತಿಯೇ ನನಗೆ ಎಲ್ಲಕ್ಕಿಂತ ದೊಡ್ಡ ತೊಡಕಾಗಿ ಕಾಣುತ್ತದೆ. ಟರ್ಕಿಯಿಂದ ಸಿರಿಯಾಕ್ಕೆ ನೆರವು ಹೋಗುತ್ತಿದ್ದ ಬಾಬ್ ಅಲ್-ಹವಾ ಗಡಿಗೆ ವರ್ಷಗಟ್ಟಲೆ ಆರಾರು ತಿಂಗಳ, ಒಂದೊಂದು ವರ್ಷದ ಅನುಮತಿ ಸಿಗುತ್ತಿತ್ತು. ಪ್ರತಿ ಸಲವೂ ಭದ್ರತಾ ಮಂಡಳಿಯಲ್ಲಿ ವೀಟೊ ಬೆದರಿಕೆ. ಸುಡಾನ್‌ನಲ್ಲಿ ಚಾಡ್ ಕಡೆಯ ಅಡ್ರೆ ಎಂಬ ಊರಿನ ಗಡಿಯನ್ನು ಸೇನಾ ಸರ್ಕಾರ 2024ರ ಫೆಬ್ರವರಿಯಲ್ಲಿ ಮುಚ್ಚಿತು. ಆಗಸ್ಟ್ ಆರಂಭದಲ್ಲಿ ಡಾರ್ಫರ್‌ನ ಝಮ್‌ಝಮ್ ಶಿಬಿರದಲ್ಲಿ ಕ್ಷಾಮ ಖಚಿತವಾದ ಮೇಲೆ, ಅದೇ ತಿಂಗಳ ನಡುವೆ ಮೂರು ತಿಂಗಳಿಗೆ ಅಂತ ತೆರೆಯಿತು. ಅದು ಮಳೆಗಾಲ, ರಸ್ತೆಗಳು ಕೊಚ್ಚಿ ಹೋಗಿದ್ದವು. ನೆಲ ಒಣಗಿ ಲಾರಿ ಓಡುವ ಹೊತ್ತಿಗೆ ಗಡುವು ಮುಗಿಯಲು ಬಂದಿತ್ತು. ಆಮೇಲೆ ವಿಸ್ತರಣೆ, ಮತ್ತೆ ವಿಸ್ತರಣೆ. ಮೂರು ತಿಂಗಳ ಅನುಮತಿ ನಂಬಿ ಯಾವ ವ್ಯಾಪಾರಿಯೂ ಆ ದಾರಿಗೆ ಲಾರಿ ಕೊಳ್ಳುವುದಿಲ್ಲ, ಗೋದಾಮು ಬಾಡಿಗೆಗೆ ಹಿಡಿಯುವುದಿಲ್ಲ, ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ನೆರವು ಸಂಸ್ಥೆಯೂ ಮುಂದಿನ ಹಂಗಾಮಿಗೆ ಬೀಜ ತಂದಿಡಲು ಹಿಂಜರಿಯುತ್ತದೆ. ಮುಂದಿನ ಕದನವಿರಾಮದ ಕರಡು ಕೈಗೆ ಸಿಕ್ಕರೆ ನಾನು ಟನ್‌ಗಳ ಸಾಲು ಬಿಟ್ಟು ಗಡಿಯ ಅನುಮತಿ ಎಷ್ಟು ದಿನಕ್ಕೆ ಅಂತ ಮೊದಲು ಹುಡುಕುತ್ತೇನೆ. ಕನಿಷ್ಠ ಒಂದು ಬಿತ್ತನೆ, ಒಂದು ಕೊಯ್ಲು ದಾಟುವಷ್ಟಾದರೂ ಅದು ಇರಬೇಕು.